ಇಸ್ತ್ರಿಗೆ ಬಂದ ಡ್ರೆಸ್ಸು

ಕನ್ನಡಿಯಲ್ಲಿ ಕಂಡವಳನ್ನು ಇಸ್ತ್ರಿಯವಳು ಮೇಲಿಂದ ಕೆಳಗೆ ನೋಡಿದಳು. ಯಾವುದೋ ಆಫೀಸಿಗೆ ಹೊರಟವಳ ಹಾಗಿದ್ದಳು. ಮೈಮೇಲಿದ್ದ ಹಸಿರು ಡ್ರೆಸ್ಸು ಎದುರು ಬೀದಿಯ ಟೀಚರದ್ದು. ನಿನ್ನೆ ಇಸ್ತ್ರಿಗೆ ಬಂದದ್ದು, ನಾಳೆ ಕೊಡಬೇಕಾದದ್ದು. ಗಿರಾಕಿಯ ಬಟ್ಟೆಯನ್ನು ಮೈಗೆ ಏರಿಸಿಕೊಳ್ಳುವುದು ಈ ಕಸುಬಿನಲ್ಲಿ ಕಳ್ಳತನಕ್ಕಿಂತ ಕಡೆ ಎಂದು ಅಮ್ಮ ಹೇಳಿಕೊಟ್ಟಿದ್ದಳು. ಏನು ಮಾಡುವುದು, ಅವಳ ಸ್ವಂತ ಬಟ್ಟೆಗಳನ್ನು ಬೀದಿಯ ನಾಯಿಗಳೂ ಗುರುತು ಹಿಡಿಯುತ್ತಿದ್ದವು. ಶಾಲನ್ನು ಮೂಗಿನವರೆಗೆ ಸುತ್ತಿಕೊಂಡು ಹಿಂದಿನ ಓಣಿಯಿಂದ ಹೋಗಿ ಬಸ್ಸು ಹತ್ತಿದಳು.

ಬೇಸಿಗೆಯಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬಳು ವಠಾರದ ಮನೆಮನೆಗೂ ಬಂದು, ಬೆರಳು ಚುಚ್ಚಿ ಎಚ್‌ಐವಿ ಪರೀಕ್ಷೆ ಮಾಡಿದ್ದಳು. ಬೇರೆಯವರ ಮನೆಯಿಂದ ಎದ್ದು ಬಂದಷ್ಟು ಬೇಗ ಇವಳ ಮನೆಯಿಂದ ಬರಲಿಲ್ಲ. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, "ಇದೆ ಅಕ್ಕಾ. ಹೆದರ್ಬೇಡಿ. ಆಸ್ಪತ್ರೇಲಿ ಮಾತ್ರೆ ಪುಕ್ಕಟೆ ಕೊಡ್ತಾರೆ. ಈಗ್ಲೇ ಶುರು ಮಾಡಿದ್ರೆ ಎಲ್ಲರ ಹಾಗೇ ಬದುಕ್ತೀರ. ಹೋಗದೆ ಇದ್ರೆ ಮಾತ್ರ ಜೀವಕ್ಕೇ ಕಷ್ಟ" ಎಂದಿದ್ದಳು. ಅವಳು ಹೊರಬಿದ್ದದ್ದೇ ತಡ, ಪಕ್ಕದ ಮನೆಯವಳು ಇಣುಕಿದಳು.

"ನಿಮ್ಮನೇಲೇನು ಅಷ್ಟೊತ್ತು?"

"ಬಿಪಿ ಇದೆಯಂತೆ."

"ನಿಂಗಾ? ನಮಗೆಲ್ಲ ಬಿಪಿ ಬರ್ಸೋಳು ನೀನು!"

ಇಬ್ಬರೂ ನಕ್ಕರು. ಆಮೇಲೆ ಇಸ್ತ್ರಿಯವಳಿಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಗಂಡ ಬೇರೆ ಸಂಸಾರ ಹೂಡಿ ವರ್ಷಗಳಾಗಿದ್ದವು. ಹತ್ತಿರದ ಆಸ್ಪತ್ರೆಯಲ್ಲಿ ಚೀಟಿ ಕೊಡುವವನಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ಅವಳ ಗಿರಾಕಿಗಳೇ. ಗೊತ್ತಾದರೆ ಒಂದು ಕರವಸ್ತ್ರವೂ ಇಸ್ತ್ರಿಗೆ ಬರುವುದಿಲ್ಲ. ಇವತ್ತು, ನಾಳೆ ಎಂದು ದಿನ ದೂಡಿದಳು. ಈಚೆಗೆ ಜ್ವರ ಬಿಡದೆ, ಇಸ್ತ್ರಿಪೆಟ್ಟಿಗೆ ಎತ್ತಿದರೆ ಕೈ ನಡುಗತೊಡಗಿತ್ತು. ಸಾಯುವ ಭಯ ಕೊನೆಗೆ ಜನರ ಭಯವನ್ನು ಹಿಂದೆ ಹಾಕಿತ್ತು. ಆದರೂ ಹೊರಟದ್ದು ಪರವೂರಿನ ಆಸ್ಪತ್ರೆಗೆ.

ಎಚ್‌ಐವಿ ಮಾತ್ರೆ ಕೊಡುವ ಕೋಣೆ ಅಲ್ಲಿನ ಪಡಸಾಲೆಯ ತುದಿಯಲ್ಲಿತ್ತು. ಹೊರಗಿನ ಬೆಂಚಿನ ಮೇಲೆ ಎಲ್ಲರೂ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು, ಯಾರೂ ಯಾರನ್ನೂ ನೋಡದೆ ಕೂತಿದ್ದರು. ಮುಖ ಮುಚ್ಚಿಕೊಂಡಿದ್ದ ಹೆಂಗಸೊಬ್ಬರು ಮಾತ್ರ ಇವಳ ಕಡೆಯೇ ನೋಡತೊಡಗಿದರು. ಮುಖವನ್ನಲ್ಲ, ಡ್ರೆಸ್ಸನ್ನು. ಸ್ವಲ್ಪ ಹೊತ್ತಾದ ಮೇಲೆ ಹತ್ತಿರ ಸರಿದರು.

"ಕೊನೇ ಗುಂಡಿ ಬಣ್ಣ ಬೇರೆ ಇದೆ. ನಾನೇ ಹೊಲಿದಿದ್ದು."

ಟೀಚರ ದನಿ. ಗುರುತು ಸಿಗದಿರಲಿ ಎಂದು ಹಾಕಿಕೊಂಡದ್ದೇ ಇಸ್ತ್ರಿಯವಳನ್ನು ಹಿಡಿದುಕೊಟ್ಟಿತ್ತು. ತಟ್ಟನೆ ಎದ್ದು ಹೊರಬಾಗಿಲ ಕಡೆ ತಿರುಗಿದಳು. ಟೀಚರು ಅವಳ ಮಣಿಕಟ್ಟು ಹಿಡಿದರು.

"ಕೂತ್ಕೋ. ಈಗ ಹೋದ್ರೆ ಮತ್ತೆ ಬರಲ್ಲ ನೀನು. ನಾನೂ ಹಾಗೇ ಎದ್ದು ಹೋಗಿದ್ದೆ. ಆಮೇಲೆ ನಾಲ್ಕು ಜನ ಎತ್ಕೊಂಡು ಬರ್ಬೇಕಾಯ್ತು."

"ತಪ್ಪಾಯ್ತು ಟೀಚರ್. ಒಗೆದು ಕೊಡ್ತೀನಿ."

"ಒಗೆಯೋದೊಂದು ಬೇಡ, ಬಣ್ಣ ಬಿಡುತ್ತೆ."

ಮುಖ ಮುಚ್ಚಿದ ಬಟ್ಟೆಯ ಮೇಲೆ ಟೀಚರ ಕಣ್ಣುಗಳು ನಕ್ಕವು. ಇಸ್ತ್ರಿಯವಳಿಗೆ ಅಳು ಒತ್ತರಿಸಿ ಬಂತು. ಬೇಸಿಗೆಯಿಂದ ಈಚೆಗೆ, ವಿಷಯ ಗೊತ್ತಿದ್ದೂ ಅವಳನ್ನು ಮುಟ್ಟಿದ ಕೈ ಅದೊಂದೇ. ಒಳಗಿಂದ ಕರೆ ಬರುವವರೆಗೂ ಟೀಚರು ಅವಳ ಮಣಿಕಟ್ಟು ಬಿಡಲಿಲ್ಲ.

ಮಾತ್ರೆಯ ಡಬ್ಬಿ ಹಿಡಿದು ಹೊರಗೆ ಬಂದಾಗ ಅವರು ಗೇಟಿನ ಹತ್ತಿರ ನಿಂತಿದ್ದರು.

"ಮೊದ್ಮೊದ್ಲು ತಲೆ ಸುತ್ತುತ್ತೆ. ಅದಕ್ಕೇಂತ ಬಿಟ್ಬಿಡ್ಬೇಡ." ಆಮೇಲೆ ಚಪ್ಪಲಿಯನ್ನು ನೋಡುತ್ತ, "ನಮ್ಮ ಬೀದೀಲಿ ಮಾತ್ರ..." ಎಂದರು.

"ಗೊತ್ತು ಟೀಚರ್."

"ಸ್ಕೂಲಲ್ಲಿ ತಿಳಿದ್ರೆ ಮಕ್ಕಳ ಹತ್ರ ಬಿಡಲ್ಲ ನನ್ನ."

ಒಂದೇ ಬಸ್ಸು ಹತ್ತಿದರು. ಟೀಚರು ಮುಂದೆ ಕೂತರು, ಇಸ್ತ್ರಿಯವಳು ಹಿಂದಿನ ಸೀಟಿಗೆ ಹೋದಳು. ದಾರಿಯುದ್ದಕ್ಕೂ ಅವರ ಬೆನ್ನನ್ನೇ ನೋಡುತ್ತ ಕೂತಳು. ಕೇಳಬೇಕಾದದ್ದು ಎಷ್ಟೋ ಇತ್ತು: ರಾತ್ರಿ ನಿದ್ದೆ ಬರುತ್ತದೆಯೇ, ಮನೆಯವರಿಗೆ ಗೊತ್ತೇ, ಡಬ್ಬಿಯನ್ನು ಎಲ್ಲಿಡುತ್ತೀರಿ.

ತಮ್ಮ ಸ್ಟಾಪಿಗೆ ಒಂದು ಸ್ಟಾಪು ಮೊದಲೇ ಟೀಚರು ಇಳಿದುಬಿಟ್ಟರು. ಬಸ್ಸು ಹೊರಟು ಅವರ ಪಕ್ಕದಲ್ಲೇ ಹಾದುಹೋಗುವಾಗ ಇಸ್ತ್ರಿಯವಳು ಕಿಟಕಿಯ ಗಾಜಿಗೆ ಅಂಗೈ ಊರಿದಳು. ಟೀಚರು ತಲೆ ಎತ್ತಲಿಲ್ಲ. ಧೂಳಿಗೆ ಮುಖವನ್ನು ಆ ಕಡೆ ತಿರುಗಿಸಿಕೊಂಡು, ರಸ್ತೆಯ ಅಂಚಿನಲ್ಲಿ ಬಿರಬಿರನೆ ನಡೆಯುತ್ತಿದ್ದರು.