ಹೊರಗೆ ಹೋಗುವ ನೀರು

ನಿಜಗುಣಪ್ಪ ಕುಳಿತದ್ದನ್ನು ಬೈಲಹೊಂಗಲದಲ್ಲಿ ಕಂಡವರು ವಿರಳ. ಸವದತ್ತಿ ರಸ್ತೆಯ ಬದಿಯಲ್ಲಿ ಟ್ರ್ಯಾಕ್ಟರ್, ಜೀಪು ತೊಳೆಯುವ ತನ್ನ ಸರ್ವಿಸಿಂಗ್ ಅಂಗಡಿಗೆ ಬಂದವರಿಗೆಲ್ಲ ‘ಕುಂದ್ರರಿ, ಕುಂದ್ರರಿ’ ಎಂದು ಬೆಂಚು ತೋರಿಸಿ, ತಾನು ಮಾತ್ರ ಚಹಾದ ಬಟ್ಟಲು ಹಿಡಿದುಕೊಂಡೇ ಮೋಟಾರಿನಿಂದ ನೀರಿನ ತೊಟ್ಟಿಗೆ, ತೊಟ್ಟಿಯಿಂದ ಮೋಟಾರಿಗೆ ಅಲೆಯುತ್ತಿದ್ದ. ನಟ್ಟು ಬಿಚ್ಚುವ ಪಾನಾಗಳ ಭಾರಕ್ಕೆ ಬಲಗಿಸೆ ಜೋತು ಖಾಕಿ ಕೋಟು ಒಂದು ಕಡೆಗೆ ವಾಲಿದ್ದರೆ, ಆಸಾಮಿಯ ನಡಿಗೆಯೂ ಅತ್ತಲೇ ವಾಲುತ್ತಿತ್ತು. ಯಂತ್ರದ ಸದ್ದು ಎಳ್ಳಷ್ಟು ಬದಲಾದರೂ ಸಾಕು, ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೊತ್ತಿ, ಹಿಡಿಕೆಗೆ ಕಿವಿಗೊಟ್ಟು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಅವನಿಗೆ ಒಲಿದ ಏಕೈಕ ಧ್ಯಾನ ಅದು.

ತೊಂಬತ್ತರ ದಶಕದ ಕೊನೆಯ ಒಂದು ಸುಗ್ಗಿಯಲ್ಲಿ, ಎರೆಮಣ್ಣು ಮೆತ್ತಿದ ಟ್ರ್ಯಾಕ್ಟರುಗಳು ಸಾಲುಗಟ್ಟಿದ ಹೊತ್ತಿಗೇ ಆ ಪಂಪು ಕೆಮ್ಮತೊಡಗಿತು. ಒಮ್ಮೆ ಈಟಿಯಂತೆ ಚಿಮ್ಮಿದ ಧಾರೆ ಮರುಕ್ಷಣ ತಂಬಿಗೆಯಿಂದ ಸುರಿದಂತೆ ಸಪ್ಪಗಾಗುತ್ತಿತ್ತು. ನೀರೆಳೆಯುವ ಪೈಪಿನಲ್ಲಿ ಗಾಳಿ ಸೇರಿದೆಯೇ ಎಂದು ಕೂಡುಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ನೋಡಿದ, ಜಾಲರಿ ಉಜ್ಜಿದ, ವಾಲ್ವು ಬಿಚ್ಚಿದ, ವಾಷರು ಬದಲಿಸಿದ. ಕಡೆಗೆ ಪಂಪಿನ ಎಣ್ಣೆ ಇಳಿಸಿದರೆ ಅದು ನೀರು ಬೆರೆತು ಹಾಲಿನಂತೆ ಬೆಳ್ಳಗಾಗಿತ್ತು. ಬೋರಿನ ಮರಳು ಪಿಸ್ಟನ್ನುಗಳನ್ನು ಅರದಂತೆ ಉಜ್ಜಿ ಹಾಕಿತ್ತು.

ಬದಲಿ ಪಂಪು ಆರಿಸುವುದು ಸುಲಭವಲ್ಲ. ದೊಡ್ಡದನ್ನು ತಂದರೆ ಇದ್ದ ಮೋಟಾರು ಸುಡುತ್ತದೆ, ಚಿಕ್ಕದನ್ನು ತಂದರೆ ಎರೆಮಣ್ಣು ನಗುತ್ತದೆ. ತಕ್ಕದ್ದನ್ನು ಹುಬ್ಬಳ್ಳಿಯವರು ಬೇರೆ ಊರಿನಿಂದ ತರಿಸಿಕೊಡುವಷ್ಟರಲ್ಲಿ ಸುಗ್ಗಿಯೇ ಮುಗಿಯುತ್ತದೆ. ಇಂಥ ತಳಮಳದ ನಡುವೆ ಹಳೆಯ ಯಂತ್ರಗಳ ವ್ಯಾಪಾರಿ ಮಾಳಪ್ಪ, ಮನೋಳಿಯ ಹತ್ತಿ ಬೆಳೆಗಾರನೊಬ್ಬನಿಂದ ತಂದ ಪಂಪೊಂದನ್ನು ಪೈಪಿನ ಸಮೇತ ಇಳಿಸಿದ. ಅಳತೆ ಸರಿಯಾಗಿ ಕೂತಿತು.

‘ಇದು ಔಷಧ ಹೊಡಿಯೂ ಪಂಪಲ್ಲೇನೋ?’ ಎಂದ ನಿಜಗುಣಪ್ಪ.

‘ಸೋಡಾ ಹಾಕಿ ತೊಳಿಯಣ್ಣಾ. ಟ್ರ್ಯಾಕ್ಟರ್ ಏನ ಹಾಲ ಕೊಡತೈತೇನ?’

ಬೆಂಚು ನಕ್ಕಿತು. ನಿಜಗುಣಪ್ಪನೂ ನಕ್ಕ. ವಿಷಕ್ಕೆ ಔಷಧವೆಂದು ಹೆಸರಿಟ್ಟ ಜನ ನಾವು. ನಗು ಬಾರದೆ ಇರುತ್ತದೆಯೇ?

ಮರುದಿನ ಬೆಳಿಗ್ಗೆ ಸೋಡಾ ಹಾಕಿ ಪಂಪನ್ನೂ ಪೈಪನ್ನೂ ಕೊಡಗಟ್ಟಲೆ ನೀರಿನಲ್ಲಿ ತೊಳೆದು ಜೋಡಿಸಿದ. ಧಾರೆ ಬೀಸಿದ ರಭಸಕ್ಕೆ ಮಣ್ಣು ಹೆಂಟೆಹೆಂಟೆಯಾಗಿ ಉದುರಿತು. ಮಧ್ಯಾಹ್ನದ ಹೊತ್ತಿಗೆ ತಗ್ಗಿನ ಕೇರಿಯ ಶಟ್ಟೆವ್ವ, ಆಡು ಕಾಯುವ ಕೋಲು ಹಿಡಿದುಕೊಂಡೇ ಮೇಲೆ ಬಂದಳು.

‘ಅಣ್ಣಾ, ಗಟಾರದಾಗ ಬರೂ ನೀರ ಯಾರ ಹೊಲದ್ದು?’

‘ಹೊಲದ್ದಲ್ಲವಾ, ನನ್ನ ಅಂಗಡೀದು.’

‘ಮತ್ತ ಹತ್ತಿ ಔಷಧದ ನಾತ ಯಾಕ ಹೊಡಿಯಾಕ ಹತ್ತೇತಿ? ಆಡ ಹೊಂಡಕ್ಕ ಮೂಗ ಹಚ್ಚಿ ಹಿಂದ ಸರದ್ವು.’

ನಿಜಗುಣಪ್ಪ ತನ್ನ ಅಂಗೈ ಮೂಸಿಕೊಂಡ. ಮೋಟಾರು ಆರಿಸಿದ. ‘ಅರ್ಧಾ ಮಾರಿ ತೊಳದು ಬಿಡತಿಯೇನೋ? ಬೀಗರ ಊರಿಗೆ ಹೊಂಟೇನಿ!’ ಎಂದು ಟ್ರ್ಯಾಕ್ಟರಿನವನು ಕೂಗುತ್ತಿದ್ದಂತೆಯೇ ಗಟಾರದ ಗುಂಟ ಇಳಿದು ನಡೆದ. ಇಷ್ಟು ವರ್ಷ ನೀರು ಎಲ್ಲಿಂದ ಬರುತ್ತದೆಂದು ಬಗ್ಗಿ ಬಗ್ಗಿ ನೋಡಿದ್ದವನು ಎಲ್ಲಿಗೆ ಹೋಗುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ಅದು ಹೋಗುತ್ತಿದ್ದುದು ಕೇರಿಯ ದನಕರು ಕುಡಿಯುವ ಹೊಂಡಕ್ಕೆ; ಅದರ ದಂಡೆಯಲ್ಲಿ ಹೆಂಗಸರು ಭಾಂಡೆ ತಿಕ್ಕುತ್ತಿದ್ದರು. ಪಂಪಿನಿಂದ ಅವನು ತೊಳೆದು ತೆಗೆದ ವಿಷವೆಲ್ಲ ಅಲ್ಲಿ ತಣ್ಣಗೆ ನಿಂತಿತ್ತು.

‘ಮುಟ್ಟಬ್ಯಾಡ್ರಿ! ಮ್ಯಾಲ ಬರ್ರಿ!’ ಎಂದು ಚೀರಿದ ಅವನ ದನಿಗೆ ಹೆಂಗಸರು ಇವನಿಗೇನೋ ಬಡಿದಿದೆ ಎಂದುಕೊಂಡೇ ಎದ್ದರಂತೆ.

ಆ ಸುಗ್ಗಿಯೆಲ್ಲ ಅಂಗಡಿ ಮುಚ್ಚಿತ್ತು. ಗಟಾರಕ್ಕೆ ಒಡ್ಡು ಹಾಕಿ, ಬರಡು ನೆಲದಲ್ಲಿ ಗುಂಡಿ ತೋಡಿಸಿ, ಹೊಂಡದ ನೀರನ್ನೂ ಕೆಸರನ್ನೂ ಅಲ್ಲಿಗೆ ಸಾಗಿಸಿದ. ಹೊಂಡ ಬತ್ತಿರುವ ತನಕ ತನ್ನ ಬೋರಿನ ನೀರನ್ನೇ ಕೇರಿಗೆ ಹೊತ್ತು ಹಾಕಿಸಿದ. ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ಪಂಪು ಮರಳಿ ಕೇಳಲು ಬಂದ ಮಾಳಪ್ಪನ ಮುಂದೆಯೇ, ಕೊಟ್ಟರೆ ಅವನು ಇನ್ನೊಬ್ಬನಿಗೆ ಮಾರುತ್ತಾನೆಂದು ಅರಿತು, ಸುತ್ತಿಗೆಯಿಂದ ಅದರ ತಲೆ ಒಡೆದ. ಪೈಪನ್ನು ತುಂಡು ತುಂಡು ಮಾಡಿದ.

‘ಹುಚ್ಚ ಹಿಡದೈತೇನ ನಿನಗ? ಒಂದರೆ ಆಡಿನ ಮರಿ ಸತ್ತೈತೇನ?’

‘ಸಾಯೂತನಕಾ ಕಾಯಬೇಕಾಗಿತ್ತೇನ?’

ಯಾವ ಮರಿಯೂ ಸಾಯಲಿಲ್ಲ. ಆದ್ದರಿಂದಲೇ ಊರು ಇಂದಿಗೂ ಅದನ್ನು ನಿಜಗುಣಪ್ಪನ ಹುಚ್ಚೆಂದು ಹೇಳಿ ನಗುತ್ತದೆ. ನಮಗೆ ಸಾಕ್ಷಿಗೊಂದು ಹೆಣ ಬೇಕು. ನಿಜಗುಣಪ್ಪನಂಥವರೊಡನೆ ಬಾಳುವುದು ಕಷ್ಟ. ಮನೆಯವರಿಗೂ ಇವರು ಕಿರಿಕಿರಿಯೇ. ಆದರೆ ಎಲ್ಲವನ್ನೂ ನೋಡಿಯೂ ನೆಮ್ಮದಿಯಾಗಿ ಬೆಂಚಿನ ಮೇಲೆ ಕುಳಿತವರನ್ನು ಪ್ರತಿ ಊರಿನಲ್ಲೂ ಕಂಡಿದ್ದೇವೆ. ನಮ್ಮ ಹಳ್ಳಕೊಳ್ಳಗಳಲ್ಲಿ ಬಾಯಿಗಿಡಬಹುದಾದ ನೀರು ಇನ್ನೂ ಅಷ್ಟಿಷ್ಟು ಉಳಿದಿದ್ದರೆ, ಅದು ಆ ಸಮಾಧಾನಿಗಳ ಪುಣ್ಯದಿಂದಂತೂ ಅಲ್ಲ.