ಐದು ಗ್ರಾಮಿನ ಕೆಳಗೆ

೨೦೦೮ನೇ ಇಸವಿ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಗುಜರಾತಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಕನ್ನಡಕದ ಮುದುಕನೊಬ್ಬ ನನ್ನ ತಟ್ಟೆಯ ಮೇಲೆ ತೂಕದ ಕಲ್ಲೊಂದನ್ನು ಇಟ್ಟ. ನನ್ನ ಹಣೆಯ ಮೇಲೆ ಕೆಂಪು ಅಂಕಿಗಳು ಒಮ್ಮೆ ನಡುಗಿ, ಹತ್ತು ಕಿಲೋ ಎಂದು ನಿಂತವು. ನಾನು ಹುಟ್ಟಿದ್ದು ಆಗಲೇ. ಅದಕ್ಕೆ ಮೊದಲು ನಾನು ಬರೀ ತಗಡು ಮತ್ತು ತಂತಿ.

ನಾನು ಒಂದು ಎಲೆಕ್ಟ್ರಾನಿಕ್ ತಕ್ಕಡಿ. ಭಾರ ಬಿದ್ದರೆ ಕೂದಲೆಳೆಗಿಂತ ಕಡಿಮೆ ಬಾಗುವ ಅಲ್ಯೂಮಿನಿಯಂ ಪಟ್ಟಿಯೊಂದು ನನ್ನ ಹೊಟ್ಟೆಯಲ್ಲಿದೆ. ಅದು ಬಾಗಿದಷ್ಟೇ ನನ್ನ ಅರಿವು. ನನ್ನ ಮಗ್ಗುಲಿಗೆ ಬಡಿದ ಚಿಕ್ಕ ತಗಡಿನಲ್ಲಿ ನನ್ನ ಜಾತಕ ಬರೆದಿತ್ತು: ಗರಿಷ್ಠ ಮೂವತ್ತು ಕಿಲೋ, ಅತಿ ಸಣ್ಣ ಅಂತರ ಐದು ಗ್ರಾಂ. ಅದಕ್ಕಿಂತ ತೀರ ಹಗುರವಾದದ್ದು ನನ್ನ ಪಾಲಿಗೆ ಲೋಕದಲ್ಲೇ ಇಲ್ಲ. ಇದನ್ನು ಯಾರೂ ನನ್ನ ದೋಷವೆಂದು ಎಣಿಸಲಿಲ್ಲ. ಬೆಲ್ಲಕ್ಕೂ ಹುಣಸೆಹಣ್ಣಿಗೂ ಅಷ್ಟು ಸಾಕಿತ್ತು.

ಹುಬ್ಬಳ್ಳಿಯ ಕಿರಾಣಿ ಅಂಗಡಿಯೊಂದರಲ್ಲಿ ಕೆಲವು ವರ್ಷ ಬೆಲ್ಲ, ಹುಣಸೆಹಣ್ಣು ತೂಗಿದೆ. ಇರುವೆಗಳು ನನ್ನ ಮೇಲೆ ಸಾಲುಗಟ್ಟಿ ನಡೆಯುತ್ತಿದ್ದವು. ಅವೂ ನನಗೆ ತಿಳಿಯುತ್ತಿರಲಿಲ್ಲ. ಅಂಗಡಿ ಮುಚ್ಚಿದಾಗ ಗದಿಗೆಪ್ಪ ಯಲಿಗಾರ ಎಂಬುವರು ನನ್ನನ್ನು ಕೊಂಡರು. ಹಳೆಯ ಹತ್ತಿ ಗೋದಾಮಿನಲ್ಲಿ ಅವರದು ಹಳೆ ಪುಸ್ತಕದ ಅಂಗಡಿ. ಮೂರು ಅಂತಸ್ತು, ಮರದ ಏಣಿಗಳು, ಸೂರು ಮುಟ್ಟುವ ಕಪಾಟುಗಳು. ಬಾಗಿಲ ಬಳಿಯ ಮೇಜಿನ ಮೇಲೆ ನಾನು.

ಅಲ್ಲಿ ವ್ಯಾಪಾರದ ರೀತಿಯೇ ಬೇರೆ. ಕೊಳ್ಳುವಾಗ ತೂಕ, ಮಾರುವಾಗ ಹೆಸರು. ನನ್ನ ಮೇಲೆ ರದ್ದಿಯಾಗಿ ಬಂದದ್ದು ಏಣಿ ಹತ್ತಿದೊಡನೆ ಅಪರೂಪದ ಪ್ರತಿಯಾಗುತ್ತಿತ್ತು. ಮಾರಲು ಬಂದವರೂ ಸಾಮಾನ್ಯರಲ್ಲ. ತೂಕ ಹೆಚ್ಚಲೆಂದು ಕೆಲವರು ಪುಸ್ತಕಗಳಿಗೆ ನೀರು ಚಿಮುಕಿಸಿ ತರುತ್ತಿದ್ದರು. ಒಬ್ಬರು ದಪ್ಪ ನಿಘಂಟಿನ ಹೊಟ್ಟೆ ಕೊರೆದು ಒಳಗೆ ಕಬ್ಬಿಣದ ಪಟ್ಟಿ ಇಟ್ಟಿದ್ದರು. ಅಂದಿನಿಂದ ಅಂಗಡಿಯಲ್ಲಿ ಒಂದು ಕಟ್ಟಳೆ ಬಂತು: ಬೆನ್ನು ಹಿಡಿದು, ಹಾಳೆಗಳನ್ನು ಕೆಳಮುಖವಾಗಿ ಕೊಡವದ ಹೊರತು ಯಾವ ಪುಸ್ತಕವೂ ನನ್ನ ಮೇಲೆ ಏರುವಂತಿಲ್ಲ.

"ಮಂದಿ ಓದಿದಷ್ಟೂ ಕಳ್ಳರಾಗ್ತಾರ. ಕೊಡವು ರೇಣವ್ವಾ, ಕೊಡವು," ಎನ್ನುತ್ತಿದ್ದರು ಗದಿಗೆಪ್ಪ.

ಕೆಲಸದ ರೇಣವ್ವ ನನ್ನ ಪಕ್ಕ ನಿಂತು ಕೊಡವುತ್ತಿದ್ದಳು. ನವಿಲುಗರಿ, ಬಸ್ ಟಿಕೆಟು, ಗುಡಿಯ ಅಂಗಾರದ ಪೊಟ್ಟಣ, ಯಾರದೋ ಮದುವೆಯ ಫೋಟೋ ಉದುರುತ್ತಿದ್ದವು. ಎಲ್ಲವೂ ಕಸದ ಚೀಲಕ್ಕೆ.

ಒಂದು ದಿನ ಕಾಲೇಜೊಂದರ ಪ್ರಿನ್ಸಿಪಾಲರು ಆಟೋದಲ್ಲಿ ಹಳೆಯ ವಿಶ್ವಕೋಶದ ಸಂಪುಟಗಳನ್ನು ತಂದಿಳಿಸಿದರು. ವಾಣಿಜ್ಯ ಕಲಿಸಿ ಮೇಲೆ ಬಂದವರು. ಪುಸ್ತಕಗಳಿಗೆ ಹಗ್ಗ ಬಿಗಿದಿತ್ತು.

"ಬಾಟನಿಯವರ ಕಪಾಟಿನ ಮ್ಯಾಲೆ ಬಿದ್ದಿದ್ವು. ತಪಾಸಣಾ ಕಮಿಟಿ ಬರತದ, ಜಾಗಾ ಬೇಕಿತ್ತು. ಪುಣ್ಯಾತ್ಮರು ಯಾರೋ ಮಾರಲಿಕ್ಕೆ ಅಂತ ಮೊದಲ ಕಟ್ಟಿ ಇಟ್ಟಾರ," ಎಂದು ನಕ್ಕರು.

ರೇಣವ್ವ ಹಗ್ಗ ಬಿಚ್ಚಿ ಮೊದಲ ಸಂಪುಟ ಕೊಡವಿದಳು. ಕಂದು ಎಲೆ, ದಾರದಂಥ ಬೇರು, ಪುಡಿಪುಡಿಯಾದ ಕಾಂಡ ಸುರಿದವು. ನನ್ನ ಮೇಲೂ ಬಿದ್ದವು. ನನ್ನ ಅಂಕಿ ಮಿಸುಕಲಿಲ್ಲ.

"ಅಯ್ಯ ಶಿವನ, ಪುಸ್ತಕದಾಗ ಹುಲ್ಲು ಬೆಳದೈತಿ!" ಎಂದಳು ರೇಣವ್ವ.

"ಮತ್ತೇನ್ ಬೆಳೀಬೇಕು? ಬಾಟನಿಯವರದಲ್ಲೇನು," ಎಂದರು ಪ್ರಿನ್ಸಿಪಾಲರು. ಎಲ್ಲರೂ ನಕ್ಕರು. ಉಳಿದ ಸಂಪುಟಗಳನ್ನೂ ಕೊಡವಿದರು, ತೂಗಿದರು. ನಾನು ಕೊಟ್ಟ ಅಂಕಿಯಲ್ಲಿ ತಪ್ಪಿರಲಿಲ್ಲ.

ಮರುದಿನ ಒಬ್ಬ ಹೆಂಗಸು ಏದುಸಿರಿಡುತ್ತ ಬಂದರು. ಅದೇ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮಂದಾಕಿನಿ ಹುದ್ದಾರ.

"ಹಗ್ಗ ಕಟ್ಟಿದ ಪುಸ್ತಕ ಬಂದಾವೇನ್ರಿ?"

"ಅದಾವ್ರಿ ಬಾಯಾರ. ಒಯ್ಯರಿ, ನಿಮಗಂತ ಕಡಿಮಿ ಮಾಡ್ತೀನಿ," ಎಂದರು ಗದಿಗೆಪ್ಪ.

"ಪುಸ್ತಕ ಬ್ಯಾಡ್ರಿ. ಒಳಗಿನ ಗಿಡ ಬೇಕು. ಹಾಳಿ ನಡುವ ಇಟ್ಟು, ಹಗ್ಗ ಬಿಗಿದು ನಾನ ಒಣಗಲಿಕ್ಕೆ ಇಟ್ಟಿದ್ದೆ."

ರೇಣವ್ವ ತಾನೇ ಕಸದ ಚೀಲ ಎಳೆದು ತಂದು ನೆಲಕ್ಕೆ ಸುರುವಿದಳು. ಇಬ್ಬರೂ ಕೂತು ಆರಿಸತೊಡಗಿದರು. ಆರಿಸುತ್ತಲೇ ಮಂದಾಕಿನಿಯವರು ಹೇಳಿದರು: ಊರಾಚೆಯ ಒಂದು ಕೆರೆಯ ಕೆಸರಿನಲ್ಲಿ ಬೆರಳುದ್ದದ ಗಿಡವೊಂದು ಅವರಿಗೆ ಸಿಕ್ಕಿತ್ತು. ಯಾವ ಗ್ರಂಥದಲ್ಲೂ ಅದರ ವಿವರವಿರಲಿಲ್ಲ. ಹೊಸ ಗಿಡಕ್ಕೆ ಹೆಸರಿಡಬೇಕಾದರೆ ಅದರ ಒಣಗಿಸಿದ ಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿ ಇಡಲೇಬೇಕು. ಹೂವಿರುವ ಮಾದರಿಯೇ ಬೇಕು, ಏಕೆಂದರೆ ಕುಲ ಗೊತ್ತಾಗುವುದು ಹೂವಿನಿಂದ.

"ಇನ್ನೊಮ್ಮೆ ಹೋಗಿ ಕಿತ್ತುಕೊಂಡು ಬರ್ರಲಾ," ಎಂದರು ಗದಿಗೆಪ್ಪ.

"ಆ ಕೆರಿ ಈಗ ಇಲ್ರಿ. ಮಣ್ಣು ಹಾಕಿ ಸೈಟ್ ಮಾಡ್ಯಾರ. ಬ್ಯಾರೆ ಕೆರಿ ಎಲ್ಲಾ ಹುಡುಕಿದೆ, ಎಲ್ಲೂ ಇಲ್ಲ."

"ಹಂಗಾದ್ರ ಗಿಡಾನೂ ಸತ್ತಂಗ ಆತು. ಸತ್ತಿದ್ದಕ್ಕ ಹೆಸರಿಟ್ಟು ತೊಟ್ಟಲಾ ತೂಗ್ತಾರೇನ್ರಿ?"

ಮಂದಾಕಿನಿಯವರು ತಲೆ ಎತ್ತಲಿಲ್ಲ. "ಒಂದ ಕಾಲಕ್ಕ ಇತ್ತು ಅಂತ ಹೇಳಲಿಕ್ಕರೆ ಹೆಸರು ಬೇಕಲ್ರಿ," ಎಂದರು.

ಎಲೆ ಸಿಕ್ಕವು, ಬೇರು ಸಿಕ್ಕವು. ಹೂವು ಮಾತ್ರ ಒಂದೂ ಸಿಗಲಿಲ್ಲ. ಸಿಕ್ಕಷ್ಟನ್ನು ಅವರು ಅಂಗೈಯಲ್ಲಿ ಹಿಡಿದು ಎದ್ದಾಗ ಗದಿಗೆಪ್ಪ, "ನಾ ಯಾರ ಋಣಾನೂ ಇಟ್ಕೊಳ್ಳಾಂವ ಅಲ್ರಿ. ಹಾಕ್ರಿ ಇಲ್ಲೆ, ತೂಕದ ಪ್ರಕಾರ ರೊಕ್ಕಾ ಕೊಡ್ತೀನಿ," ಎಂದು ಅವರ ಕೈಯಿಂದ ತೆಗೆದು ನನ್ನ ತಟ್ಟೆಗೆ ಸುರಿದರು. ಎಲ್ಲರೂ ನನ್ನ ಹಣೆ ನೋಡಿದರು. ನಾನು ಸೊನ್ನೆ ತೋರಿಸಿದೆ.

"ನೋಡ್ರಿ ಬಾಯಾರ, ಮಶಿನ್ ಸುಳ್ಳು ಹೇಳೂದಿಲ್ಲ. ಏನೂ ಇಲ್ಲ."

ಮಂದಾಕಿನಿಯವರು ಚೂರುಗಳನ್ನು ಒಂದೊಂದಾಗಿ ಆಯ್ದು ಕಾಗದದಲ್ಲಿ ಮಡಿಚಿಕೊಂಡು ಹೋದರು.

ಕೆಲವು ವರ್ಷಗಳ ನಂತರ ಮತ್ತೆ ಬಂದರು. ಈ ಸಲ ಅವರೇ ಮಾರಲು ಬಂದಿದ್ದರು. ಸಸ್ಯಶಾಸ್ತ್ರದ ತಮ್ಮ ಸ್ವಂತ ಪುಸ್ತಕಗಳು, ಅಂಚಿನಲ್ಲೆಲ್ಲ ಪೆನ್ಸಿಲಿನ ಗುರುತು. ರೇಣವ್ವ ಮೆಲ್ಲಗೆ ಕೇಳಿದಳು:

"ಆ ಗಿಡಕ್ಕ ಹೆಸರು ಇಟ್ರೇನ್ರಿ ಅಕ್ಕಾರ?"

"ಇಲ್ಲವಾ. ಬರದು ಕಳಿಸಿದ್ದೆ. ಹೂವಿಲ್ಲದ ಹೆಂಗ ನಂಬೋದು ಅಂತ ತಿರುಗಿ ಬಂತು. ಇನ್ನ ಸಾಕು."

ರೇಣವ್ವ ಪುಸ್ತಕಗಳನ್ನು ಕೊಡವದೆ ಹಾಗೆಯೇ ನನ್ನ ಮೇಲೆ ಇಡಹೋದಳು. ಮಂದಾಕಿನಿಯವರು ತಡೆದರು. ಪ್ರತಿಯೊಂದರ ಬೆನ್ನು ಹಿಡಿದು, ಕಟ್ಟಳೆಯ ಪ್ರಕಾರ ತಾವೇ ಕೊಡವಿದರು. ಏನೂ ಬೀಳಲಿಲ್ಲ. ಅವರ ಪುಸ್ತಕಗಳೆಲ್ಲ ನನ್ನ ತಟ್ಟೆಯ ಮೇಲೆ ಏರಿದವು. ನಾನು ಎಂದಿನಂತೆ ಸರಿಯಾದ ತೂಕ ಹೇಳಿದೆ.

ಆಮೇಲೆ ನನ್ನ ಅಂಕಿಗಳ ಕಾಲು, ಕೈ ಉದುರಿದವು. ಎಂಟು ಮೂರರಂತೆ ಕಾಣತೊಡಗಿತು. ಹೊಸ ಯಂತ್ರ ಬಂತು. ಕೆಲಕಾಲ ಏಣಿಯ ಕೆಳಗೆ ಬಿದ್ದಿದ್ದೆ. ಕೊನೆಗೆ ಗುಜರಿಗೆ ಹೋದೆ.

ಗುಜರಿಯವನು ನನ್ನನ್ನು ತನ್ನ ತಕ್ಕಡಿಯ ಮೇಲೆ ಇಟ್ಟ. ಜೀವಮಾನವೆಲ್ಲ ತೂಗಿದ ನಾನು ಮೊದಲ ಸಲ ತೂಗಿಸಿಕೊಂಡೆ. ಅವನು ಅಂಕಿ ಓದಿದ. ಬಳಿಕ, ತಟ್ಟೆ ಸ್ಟೀಲೋ ತಗಡೋ ನೋಡಲೆಂದು ಅದನ್ನು ಎತ್ತಿ ಹಿಡಿದ. ಅಡಿಯಲ್ಲಿ, ತಟ್ಟೆಯ ಭಾರ ಹೊರುವ ನನ್ನ ಎದೆಯ ಮೇಲೆ, ಬೆರಳುದ್ದದ ಒಣ ಗಿಡವೊಂದು ಮಲಗಿತ್ತು. ತುದಿಯಲ್ಲಿ ಎಳ್ಳುಕಾಳಿನಷ್ಟು ಎರಡು ಹೂವು. ಎಸಳೂ ಮುರಿದಿರಲಿಲ್ಲ. ಅಂದು ರೇಣವ್ವ ಕೊಡವಿದಾಗ ಅಂಚಿನಿಂದ ಒಳಗೆ ಜಾರಿರಬೇಕು. ಮಂದಾಕಿನಿಯವರು ನೆಲದಲ್ಲಿ ಹುಡುಕುವಾಗ ಅದು ಇಲ್ಲಿತ್ತು. ಅವರ ಪುಸ್ತಕಗಳ ಭಾರ ನನ್ನ ಮೇಲಿದ್ದಾಗಲೂ ಇಲ್ಲೇ ಇತ್ತು. ಅದು ಐದು ಗ್ರಾಂ ಇದ್ದಿದ್ದರೆ ನಾನು ಆ ದಿನವೇ ಕೂಗಿ ಹೇಳುತ್ತಿದ್ದೆ.

"ಥೂ, ಕಸ," ಎಂದು ಅವನು ಊದಿದ. ಗಿಡ ಪುಡಿಯಾಗಿ ಗಾಳಿಗೆ ಹೋಯಿತು. ತಟ್ಟೆಯನ್ನು ಮತ್ತೆ ನನ್ನ ಮೇಲೆ ಇಟ್ಟು, ಇನ್ನೊಮ್ಮೆ ಅಂಕಿ ನೋಡಿದ.

ಊದುವ ಮೊದಲು ನನ್ನ ತೂಕ ಮೂರು ಕಿಲೋ ಎಂಟುನೂರ ನಲವತ್ತು ಗ್ರಾಂ. ಊದಿದ ಮೇಲೆ, ಮೂರು ಕಿಲೋ ಎಂಟುನೂರ ನಲವತ್ತು ಗ್ರಾಂ.