ಹನ್ನೊಂದು ಹೂಬುಟ್ಟಿ

ಬಾಗಿಲ ಬಳಿ ಕುಳ್ಳ ಸ್ಟೂಲು ಹಾಕಿಕೊಂಡು ಸಿಂಪಿ ಬಿಡಿಸುತ್ತಿದ್ದೆವು. ಚಿಪ್ಪಿನ ಸಂದಿಗೆ ಚಾಕು ತೂರಿಸಿ ಒಂದು ತಿರುವು ಕೊಟ್ಟರೆ ಬಾಯಿ ಬಿಡುತ್ತದೆ. ಮಾಂಸ ಬೇಸಿನ್ನಿಗೆ, ಚಿಪ್ಪು ಹಿಂದಿನ ರಾಶಿಗೆ. ಎದುರಿಗೆ ಕೂತಿದ್ದ ಬೀಜು ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ರಾತ್ರಿ ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನವಳು.

"ಶಿಯುಮಾನ್ ಅಕ್ಕ, ಪತ್ರ ಬರೆದ್ಯಾ?"

"ಬರೀತಿದೀನಿ."

"ಹನ್ನೆರಡು ದಿನದಿಂದ ಬರೀತಿದೀಯ. ಕೋಳಿ ಕಾವಿಗೆ ಕೂತಿದ್ರೂ ಅರ್ಧ ಮರಿ ಆಗಿರೋದು."

ಇನ್ನು ಉಳಿದಿದ್ದು ಎರಡೇ ದಿನ. ಅಷ್ಟರೊಳಗೆ ಪತ್ರ ಹೋಗದಿದ್ದರೆ ನನ್ನ ವೆಬ್‌ಸೈಟಿನ ಹೆಸರು ತಡೆಪಟ್ಟಿಗೆ ಸೇರುತ್ತದೆ ಎಂದು ಹೇಳಿದ್ದರು. ಹೇಳಿದ್ದು ಯಾರು, ಯಾಕೆ ಎಂದು ಮೊದಲಿಂದ ಹೇಳುತ್ತೇನೆ.

ನಮ್ಮೂರಿನ ಉಪ್ಪಿನ ಗದ್ದೆಗಳು ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ನಾನು ಅಲ್ಲಿ ಉಪ್ಪು ಹೊತ್ತವಳು. ಅಕ್ಷರ ಕಲಿತದ್ದು ಅರವತ್ತೈದರ ಮೇಲೆ, ರಾತ್ರಿ ಶಾಲೆಯಲ್ಲಿ. ಮೂರನೇ ವರ್ಷ ಕೋ ಟೀಚರ್ ಕಂಪ್ಯೂಟರ್ ಕಲಿಸಿದರು. ಕಲಿತದ್ದನ್ನು ಎಲ್ಲಿಗಾದರೂ ಉಪಯೋಗಿಸಬೇಕಲ್ಲ. ನನ್ನ ಜೊತೆ ಉಪ್ಪು ಹೊತ್ತ ಹೆಂಗಸರ ಮನೆಮನೆಗೆ ಹೋಗಿ ಅವರು ಹೇಳಿದ್ದನ್ನು ಬರೆದುಕೊಂಡು ಬಂದು, ಟೀಚರ್ ಸಹಾಯದಿಂದ ಒಂದು ವೆಬ್‌ಸೈಟ್ ಮಾಡಿದೆ. ನಲವತ್ತಾರು ಜನ ಹೇಳಿದ ಮಾತು ಅದರಲ್ಲಿದೆ. ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗಿಲ್ಲ.

ಎಲ್ಲರೂ ಸೇರಿ ಬರೆಯುವ ಆ ಅಂತರ್ಜಾಲದ ವಿಶ್ವಕೋಶವಿದೆಯಲ್ಲ, ಅದರಲ್ಲಿ ಉಪ್ಪಿನ ಗದ್ದೆಯ ಪುಟ ನೋಡಿದೆ. ಗದ್ದೆಯ ನೆಲಕ್ಕೆ ಒಡೆದ ಜಾಡಿಯ ಚೂರು ಹಾಸುತ್ತಿದ್ದರು ಎಂದು ಬರೆದಿತ್ತು. ಹಾಸಿದವರು ಯಾರೆಂದು ಇರಲಿಲ್ಲ. ದಿನಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಚೂರಿಗೆ ಚೂರು ಹೊಂದಿಸಿದವರು ನಾವು. ಪುಟದ ಅಡಿಯಲ್ಲಿ ನನ್ನ ವೆಬ್‌ಸೈಟಿನ ಲಿಂಕು ಹಾಕಿದೆ, ಕ್ಲಾಸಿನಲ್ಲೂ ಹೇಳಿಕೊಂಡೆ. ತಪ್ಪಾದದ್ದು ಅಲ್ಲಿ.

ನಮ್ಮಲ್ಲಿ ಯಾರಾದರೂ ಅಂಗಡಿ ತೆರೆದರೆ ಗೆಳತಿಯರು ತಮ್ಮ ಹೆಸರು ಬರೆಸಿದ ಹೂಬುಟ್ಟಿ ಕಳಿಸುತ್ತಾರೆ. ಬಾಗಿಲಲ್ಲಿ ಬುಟ್ಟಿ ಸಾಲಾಗಿ ನಿಲ್ಲಬೇಕು, ಕಳಿಸದಿದ್ದರೆ ಮುಖ ತೋರಿಸುವ ಹಾಗಿಲ್ಲ. ಕ್ಲಾಸಿನ ಉಳಿದ ಹತ್ತೂ ಜನ ಅಲ್ಲೇ ಕೂತು ಒಂದೊಂದು ಖಾತೆ ತೆರೆದು, ಒಂದೊಂದು ಪುಟಕ್ಕೆ ನನ್ನ ಲಿಂಕು ಹಾಕಿದರು. ಒಬ್ಬಳು ಸಿಂಪಿಯ ಪುಟಕ್ಕೆ, ಇನ್ನೊಬ್ಬಳು ಜಾಡಿಯ ಪುಟಕ್ಕೆ, ಮತ್ತೊಬ್ಬಳು ಬಿದಿರಿನ ಟೋಪಿಯ ಪುಟಕ್ಕೆ. ಕೊನೆಯವಳು ಯುಯೆಲಿ. ಅವಳಿಗೆ ಪುಟವೇ ಉಳಿಯದೆ ಸೊಂಟನೋವಿನ ಪುಟಕ್ಕೆ ಹಾಕಿದಳು. ಕೇಳಿದರೆ, "ಉಪ್ಪು ಹೊತ್ತೋರಿಗೆ ಸೊಂಟನೋವು ಇರಲಿಲ್ವಾ?" ಅಂದಳು.

ಮರುದಿನ ಒಂದೂ ಇರಲಿಲ್ಲ. ಕರೆಂಟು ಹೋಗಿರಬೇಕು ಎಂದುಕೊಂಡು ಮತ್ತೆ ಹಾಕಿದೆವು. ಆಗ ವಿಶ್ವಕೋಶ ಕಾಯುವವರಲ್ಲಿ ಒಬ್ಬರಿಂದ ನನಗೆ ಸಂದೇಶ ಬಂತು. ಅವರು ಅಲ್ಲಿ ಇಟ್ಟುಕೊಂಡ ಹೆಸರು ಚಮಚಕೊಕ್ಕು, ಚಳಿಗಾಲದಲ್ಲಿ ನಮ್ಮ ಗದ್ದೆಗೆ ಬರುವ ಹಕ್ಕಿಯದು.

"ಹನ್ನೊಂದು ಖಾತೆ, ಒಂದೇ ಜಾಗ, ಒಂದೇ ಲಿಂಕು. ಒಬ್ಬರೇ ಹನ್ನೊಂದು ಮುಖವಾಡ ಹಾಕಿದಂತಿದೆ. ಈ ವೆಬ್‌ಸೈಟ್ ಯಾರದು? ಹದಿನಾಲ್ಕು ದಿನದಲ್ಲಿ ಉತ್ತರ ಬರದಿದ್ದರೆ ಇದನ್ನು ತಡೆಪಟ್ಟಿಗೆ ಸೇರಿಸುತ್ತೇವೆ."

ಪಟ್ಟಿಗೆ ಸೇರಿದರೆ ಮುಂದೆ ಓದುವ ಹುಡುಗಿಯೊಬ್ಬಳು ಆ ನಲವತ್ತಾರು ಜನರ ಮಾತನ್ನು ಆಧಾರವಾಗಿ ಕೊಡಬೇಕೆಂದರೂ ಅಲ್ಲಿ ಕೊಡಲಾಗುವುದಿಲ್ಲ. ಈಗ ಎಲ್ಲರೂ ಮೊದಲು ನೋಡುವುದು ಅಲ್ಲೇ.

ಮೊದಲ ಪತ್ರ ಸಿಟ್ಟಿನಲ್ಲಿ ಬರೆದೆ, ಎರಡನೆಯದು ಅಳುತ್ತಾ. ಎರಡನ್ನೂ ಕಳಿಸದೆ ಅನ್ನದ ಕುಕ್ಕರಿನ ಕೆಳಗಿಟ್ಟೆ. ಮೂರನೆಯದನ್ನು ಬೀಜು ಹೇಳಿಕೊಟ್ಟಳು.

"ಯಾರದೋ ಸೈಟು, ನಮಗೆ ಇಷ್ಟ ಆಯ್ತು ಅಂತ ಬರಿ. ಹಕ್ಕಿ ಬಂದು ನಿನ್ನ ಅಡುಗೆಮನೆ ನೋಡುತ್ತಾ?"

ಹಾಗೇ ಬರೆದೆ. ಕಳಿಸುವುದಕ್ಕೆ ಮಾತ್ರ ಕೈ ಬರಲಿಲ್ಲ. ಕೋ ಟೀಚರ್‌ಗೆ ತೋರಿಸಿದೆ. ಅವರು ಪೂರ್ತಿ ಓದಿ, ಕಾಗದ ಮಡಿಸಿ ವಾಪಸ್ ಕೊಟ್ಟರು.

"ಅಲ್ಲಿ ಹೂಬುಟ್ಟಿ ಇಡೋ ಪದ್ಧತಿ ಇಲ್ಲಮ್ಮ. ನಮ್ಮ ಸೈಟಿನ ಲಿಂಕು ನಾವೇ ಹಾಕಿದ್ರೆ, ಅಂಗಡಿಯವಳು ತನ್ನ ಅಂಗಡಿಗೆ ತಾನೇ ಹೂ ಕಳಿಸ್ಕೊಂಡ ಹಾಗೆ."

ಆ ದಿನದಿಂದ ಚಾಕು ಹಿಡಿದರೂ ಅದೇ ಯೋಚನೆ. ಸೈಟು ನನ್ನದು ಎಂದರೆ ತಪ್ಪು ಒಪ್ಪಿಕೊಂಡಂತೆ. ಹನ್ನೊಂದು ಮುಖವಾಡವೂ ನನ್ನದೇ ಎಂದು ತೀರ್ಮಾನಿಸಿಬಿಟ್ಟರೆ?

"ಮೂರನೇದನ್ನೇ ಕಳಿಸು," ಎಂದಳು ಬೀಜು, ಚಿಪ್ಪು ಹಿಂದಕ್ಕೆ ಎಸೆಯುತ್ತಾ. "ಮುಗೀತು ಕಥೆ."

"ಆಚುನ್ ಅಜ್ಜಿ ನೆನಪಿದೆಯಾ?"

"ನೆನಪಿಲ್ದೆ ಏನು. ಹೊರೆ ಚಿಕ್ಕದಾದ್ರೆ ಬೈತಿದ್ಲು."

"ಅವಳ ಮಾತು ಬರ್ಕೊಳ್ಳೋಕೆ ಹೋದಾಗ, 'ನಾನು ಹೇಳಿದ್ದು ಹೇಳಿದ ಹಾಗೇ ಬರಿ, ಚೆಂದ ಮಾಡ್ಬೇಡ' ಅಂದಿದ್ಲು. ಹಾಗೇ ಬರೆದೆ. ಈಗ ಅದನ್ನ ಉಳಿಸ್ಕೊಳ್ಳೋಕೆ ಸುಳ್ಳು ಬರೀಲಾ?"

ಬೀಜು ಇನ್ನೆರಡು ಸಿಂಪಿ ಬಿಡಿಸಿ ಚಾಕು ಕೆಳಗಿಟ್ಟಳು.

"ಸರಿ. ಕೈ ತೊಳ್ಕೊ. ಎಲ್ಲರನ್ನೂ ಕರೀತೀನಿ."

ಮಧ್ಯಾಹ್ನ ಶಾಲೆಯ ಕಂಪ್ಯೂಟರ್ ಕೋಣೆ ತೆರೆಸಿದೆವು. ಎರಡನೇ ಸಲ ಹಾಕಿದ್ದರಲ್ಲಿ ನಾಲ್ಕು ಲಿಂಕು ಹಕ್ಕಿಯ ಕಣ್ಣು ತಪ್ಪಿಸಿ ಇನ್ನೂ ಉಳಿದಿದ್ದವು. ಹಾಕಿದವರೇ ಒಂದೊಂದಾಗಿ ತೆಗೆದರು.

"ಸೊಂಟನೋವಿಂದೂ ತೆಗೀಬೇಕಾ?" ಎಂದಳು ಯುಯೆಲಿ.

"ತೆಗೀಬೇಕು."

"ಪಾಪ, ಅಲ್ಲಿ ಚೆನ್ನಾಗಿ ಕೂತಿತ್ತು."

ಆಮೇಲೆ ನಾನು ಹೊಸದಾಗಿ ಪತ್ರ ಬರೆಯಲು ಕೂತೆ. ಒಂದೊಂದೇ ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಬಿಸಿಲು ಕಿಟಕಿ ದಾಟಿತ್ತು.

"ಚಮಚಕೊಕ್ಕು ಅವರಿಗೆ. ವೆಬ್‌ಸೈಟ್ ನನ್ನದು, ಮೊದಲ ಲಿಂಕು ಹಾಕಿದವಳೂ ನಾನೇ. ನಾವು ಹನ್ನೊಂದು ಮುಖವಾಡವಲ್ಲ, ಹನ್ನೊಂದು ಮುದುಕಿಯರು, ಒಂದೇ ರಾತ್ರಿ ಶಾಲೆಯವರು. ಉಳಿದವರು ಹೂಬುಟ್ಟಿ ಇಟ್ಟ ಹಾಗೆ ನನಗಾಗಿ ಲಿಂಕು ಇಟ್ಟರು, ನಾನು ಬೇಡ ಅನ್ನಲಿಲ್ಲ. ಉಳಿದಿದ್ದನ್ನು ನಾವೇ ತೆಗೆದಿದ್ದೇವೆ, ಮತ್ತೆ ಹಾಕುವುದಿಲ್ಲ. ನನ್ನ ಲಿಂಕು ಅಲ್ಲಿ ಇರಲೇಬೇಕು ಎಂದು ಕೇಳುತ್ತಿಲ್ಲ. ತಡೆಪಟ್ಟಿಗೆ ಮಾತ್ರ ಸೇರಿಸಬೇಡಿ. ಉಪ್ಪಿನ ಗದ್ದೆಗೆ ಚೂರು ಹಾಸಿದವರು ಹೆಂಗಸರು. ಯಾರು ಹಾಗೆ ಹೇಳಿದರು ಎಂಬುದು ಸೈಟಿನಲ್ಲಿದೆ. ನೀವೇ ಓದಿ ನೋಡಿ, ಬೇಕೋ ಬೇಡವೋ ನೀವೇ ಹೇಳಿ."

ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ಉಳಿದ ಹತ್ತು ಜನ ತಮ್ಮ ತಮ್ಮ ಖಾತೆಯಿಂದ ಅದರಡಿ ಹೆಸರು ಸೇರಿಸುತ್ತೇವೆ ಎಂದರು. ಅದೂ ಹೂಬುಟ್ಟಿಯೇ ಆಗುತ್ತದೆ ಎಂದು ನಾನು ಬೇಡ ಅಂದೆ.

ಬೀಜು ಕನ್ನಡಕ ಏರಿಸಿಕೊಂಡು ಮೊದಲಿಂದ ಕೊನೆಯವರೆಗೆ ಓದಿ, "ಹ್ಞೂಂ" ಎಂದಳು. ಎಷ್ಟು ತೊಳೆದರೂ ನನ್ನ ಬೆರಳಿನಲ್ಲಿ ಸಿಂಪಿಯ ವಾಸನೆ ಉಳಿದಿತ್ತು. ಅದೇ ಬೆರಳಿನಿಂದ ಒತ್ತಿದೆ. ಪತ್ರ ಹೋಯಿತು.